ಮೂರನೆಯ ಕರೆಗೆ ಓ

ವಾಕಿಟಾಕಿ ತರಲೇಬೇಕೆಂದು ಹಟ ಹಿಡಿದವಳು ನಾನು. ನಮ್ಮ ಮನೆ ವಾಮದಪದವಿನಿಂದ ಒಳಗೆ, ಗುಡ್ಡದ ಬುಡದಲ್ಲಿದೆ. ಅಂಗಳದ ಮೂಲೆಯಲ್ಲಿ ಬಾವಿಕಟ್ಟೆಗೆ ಒರಗಿ ನಿಂತರೆ ಮೊಬೈಲಿಗೆ ಒಂದಿಷ್ಟು ಸಿಗ್ನಲ್ ಸಿಗುತ್ತದೆ. ಮನೆಯ ಮೇಲ್ಗಡೆಯ ಇಳಿಜಾರಿನಲ್ಲಿರುವ ನಮ್ಮ ರಬ್ಬರ್ ತೋಟದಲ್ಲಿ ಅದೂ ಇಲ್ಲ. ಗಂಡನಿಗೆ ಎದೆನೋವು ಬಂದು, ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೂ ಅವರು ಟ್ಯಾಪಿಂಗ್, ಅಂದರೆ ಮರ ಕೆತ್ತಿ ರಬ್ಬರ್ ಹಾಲು ಇಳಿಸುವುದನ್ನು, ಬಿಡಲಿಲ್ಲ. ಬೆಳಗಿನ ಕತ್ತಲಲ್ಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಒಬ್ಬರೇ ಹತ್ತುತ್ತಿದ್ದರು. ಬೇಡವೆಂದು ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

"ಮರಕ್ಕೆ ನನ್ನ ಹಾರ್ಟಿನ ಕತೆ ಗೊತ್ತಿಲ್ಲ ಮಾರಾಯ್ತಿ. ಹೊತ್ತು ಏರಿದರೆ ಹಾಲು ಇಳಿಯುವುದಿಲ್ಲ" ಅನ್ನುತ್ತಿದ್ದರು.

ಒಬ್ಬರೇ ಬಿದ್ದರೆ ಯಾರಿಗೂ ತಿಳಿಯದು ಎಂಬ ಹೆದರಿಕೆ ನನ್ನನ್ನು ತಿನ್ನುತ್ತಿತ್ತು. ಹಾಗಾಗಿ ಅವರನ್ನು ಎಳೆದುಕೊಂಡು ಬಿ.ಸಿ.ರೋಡಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಅಗ್ಗದ ಒಂದು ಜೋಡಿ ಸಿಕ್ಕಿತು. ಅಂಗಡಿಯವನು ಪ್ರಾಮಾಣಿಕ. "ಇದಕ್ಕೆ ಲೈಸೆನ್ಸ್ ಬೇಡ ಅಕ್ಕ, ಪವರ್ ಕಡಿಮೆ. ಡಬ್ಬದ ಮೇಲೆ ಬರೆದ ದೂರ ನಂಬಬೇಡಿ, ಆದರೆ ನಿಮ್ಮ ಗುಡ್ಡಕ್ಕೆ ಧಾರಾಳ ಸಾಕು. ಒತ್ತಿ ಹಿಡಿದು ಮಾತಾಡಿ, ಬಿಟ್ಟು ಕೇಳಿ. ಎರಡೂ ಒಟ್ಟಿಗೆ ಆಗುವುದಿಲ್ಲ."

"ಕೇಳದೆ ಮಾತಾಡುವವರು ನಮ್ಮ ಮನೆಯಲ್ಲಿ ಮೊದಲೇ ಒಬ್ಬರು ಉಂಟು" ಎಂದು ಗಂಡ ನನ್ನ ಕಡೆ ನೋಡಿದರು. ಅಂಗಡಿಯವನು ನಕ್ಕ. ನನಗೆ ಸಿಟ್ಟು ಬಂತು, ಆದರೆ ಜೋಡಿ ನನ್ನ ಚೀಲಕ್ಕೆ ಬಿತ್ತಲ್ಲ, ಅಷ್ಟು ಸಾಕು.

ಒಂದು ಸೆಟ್ ಅವರ ಸೊಂಟಕ್ಕೆ, ಇನ್ನೊಂದು ಅತ್ತೆಯ ಕೈಗೆ. ಅವರು ಟ್ಯಾಪಿಂಗ್ ಮಾಡುವ ಹೊತ್ತಿಗೆ ನಾನು ಹಸುವಿನ ಹಾಲು ಕರೆದು, ಕ್ಯಾನ್ ಹಿಡಿದುಕೊಂಡು ರಸ್ತೆ ಬದಿಯ ಡೈರಿಗೆ ಹೋಗಿರುತ್ತಿದ್ದೆ. ಮನೆಯಲ್ಲಿ ಇರುತ್ತಿದ್ದವರು ಅತ್ತೆ ಒಬ್ಬರೇ. ಅವರಿಗೆ ಬಟನ್ ಒತ್ತುವುದು, ಬಿಡುವುದು ಒಂದೇ ದಿನದಲ್ಲಿ ಬಂತು. ಬಾರದೆ ಹೋದದ್ದು ಓಗೊಡುವುದು.

ನಮ್ಮ ಕಡೆ ಹಳಬರ ಕಟ್ಟಳೆಯೊಂದಿದೆ. ಸಂಜೆ ದೀಪ ಹಚ್ಚಿದ ಮೇಲೆ, ಬೆಳಿಗ್ಗೆ ಸೂರ್ಯ ಮೂಡುವ ಮೊದಲು, ಹೊರಗಿನಿಂದ ಯಾರಾದರೂ ಕರೆದರೆ ಒಂದೇ ಕರೆಗೆ ಓಗೊಡಬಾರದು. ಎರಡನೆಯದಕ್ಕೂ ಬೇಡ. ಮೂರನೆಯ ಸಲ ಕರೆದರೆ ಅದು ಮನುಷ್ಯ. ಕುಲೆ, ಅಂದರೆ ಸತ್ತವರ ಪ್ರೇತ, ಮೂರು ಸಲ ಕರೆಯಲಾರದು. ಅತ್ತೆಗೆ ಇದು ಬರಿಯ ಮಾತಲ್ಲ. ಅವರ ಅಕ್ಕ ಸಣ್ಣ ಪ್ರಾಯದಲ್ಲಿ ಮುಸ್ಸಂಜೆಯ ಒಂದೇ ಕರೆಗೆ ಓ ಎಂದು ಹೊರಗೆ ಹೋದವಳು ಮರುದಿನ ಬಾವಿಯಲ್ಲಿ ಸಿಕ್ಕಿದ್ದಳಂತೆ.

ಮೊದಲ ದಿನ ನಾನಿನ್ನೂ ಡೈರಿಗೆ ಹೊರಟಿರಲಿಲ್ಲ. ಸೆಟ್ಟಿನಿಂದ "ಅಮ್ಮಾ, ಕೇಳ್ತದಾ?" ಎಂದು ಮಗನ ಸ್ವರ ಬಂದಾಗ ಅತ್ತೆ ಅದನ್ನು ಜಗಲಿಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಮೂರನೆಯ ಸಲ ಕರೆದ ಮೇಲೆ ಎತ್ತಿಕೊಂಡರು. ನಾನು ರೇಗಿದೆ.

"ನಿಮ್ಮ ಮಗನ ಸ್ವರ ನಿಮಗೆ ಗೊತ್ತಾಗುವುದಿಲ್ಲವಾ ಅತ್ತೆ?"

"ಸ್ವರ ಅವನದ್ದೇ. ಆದರೆ ಆಳು ಕಾಣುವುದಿಲ್ಲವಲ್ಲ. ಕುಲೆ ಬೇರೆಯವರ ಸ್ವರದಲ್ಲಿ ಕರೆಯುತ್ತದಾ? ನಮ್ಮವರ ಸ್ವರದಲ್ಲೇ ಕರೆಯುವುದು."

ಗಂಡನಿಗೆ ತಾಯಿಯ ಮೇಲೆ ಸಿಟ್ಟು ಬಂದದ್ದನ್ನು ನಾನು ನೋಡಿಲ್ಲ. "ಇರಲಿ ಬಿಡು, ಮೂರು ಸಲ ಕರೆದರೆ ನನ್ನ ಗಂಟೇನು ಹೋಗ್ತದೆ?" ಎಂದರು. ಅಂದಿನಿಂದ ಅದೇ ಅಭ್ಯಾಸವಾಯಿತು. ಅಮ್ಮಾ. ಅಮ್ಮಾ. ಅಮ್ಮಾ. ಆಮೇಲೆ ಅತ್ತೆಯ ಓ. ಆಮೇಲೆ "ಮೇಲಿನ ಸಾಲು ಮುಗೀತು, ಗಂಜಿ ಬಿಸಿ ಮಾಡಿ." ಡೈರಿಯಿಂದ ಬರುವಾಗ ತಿರುವಿನಲ್ಲೇ ನನಗೆ ಆ ಮೂರು ಕರೆ ಕೇಳಿಸಿದರೆ, ಅಂದಿನ ದಿನಕ್ಕೆ ನನ್ನ ಜೀವ ನೆಲೆಗೆ ಬರುತ್ತಿತ್ತು.

ಆ ಬೆಳಿಗ್ಗೆ ತಿರುವಿನಲ್ಲಿ ಏನೂ ಕೇಳಿಸಲಿಲ್ಲ. ಅತ್ತೆ ಜಗಲಿಯಲ್ಲಿ ಕುಳಿತಿದ್ದರು. ಸೆಟ್ ಮಡಿಲಲ್ಲಿತ್ತು, ಅದರ ಹಸಿರು ದೀಪ ಉರಿಯುತ್ತಿತ್ತು. ಆಕಾಶ ಆಗಷ್ಟೇ ಬಿಳಿಚುತ್ತಿತ್ತು.

"ಅವರು ಮಾತಾಡಿದ್ರಾ?" ಎಂದು ಕೇಳಿದೆ.

"ಒಂದು ಸಲ ಕರೆದ" ಎಂದರು ಅತ್ತೆ. "ಒಂದೇ ಸಲ. ಇನ್ನೆರಡು ಸಲ ಕರೆಯಲಿ ಅಂತ ಕೂತಿದ್ದೇನೆ."

ಕ್ಯಾನ್ ಎಲ್ಲಿ ಬಿಸಾಡಿದೆನೋ ನೆನಪಿಲ್ಲ, ತೋಟಕ್ಕೆ ಓಡಿದೆ. ಗಂಡ ಮೇಲಿನ ಸಾಲಿನ ಮರವೊಂದಕ್ಕೆ ಬೆನ್ನು ಕೊಟ್ಟು ಕುಳಿತಿದ್ದರು. ತಲೆಯ ಟಾರ್ಚ್ ಇನ್ನೂ ಉರಿಯುತ್ತಿತ್ತು, ಆ ಬೆಳಕು ಅವರ ಮಡಿಲಿಗೆ ಬಿದ್ದಿತ್ತು. ಸೆಟ್ ಕೈಯಲ್ಲೇ ಇತ್ತು, ಹೆಬ್ಬೆರಳು ಬಟನ್ನಿನ ಮೇಲಿತ್ತು. ಪಕ್ಕದ ಮರಕ್ಕೆ ಕಟ್ಟಿದ್ದ ಚಿಪ್ಪಿಗೆ ಹಾಲು ತೊಟ್ಟಿಕ್ಕುತ್ತಲೇ ಇತ್ತು. ಅದರ ಮೇಲೆ ನನಗೆ ಬಂದ ಕೋಪವನ್ನು ಯಾರಿಗೆ ಹೇಳಲಿ?

ಆ ಒಂದು ಕರೆಗೇ ಯಾರಾದರೂ ಓಡಿ ಹೋಗಿದ್ದರೆ ಅವರು ಉಳಿಯುತ್ತಿದ್ದರೋ ಎಂದು ಡಾಕ್ಟರನ್ನು ಕೇಳಿದೆ. ಹೇಳಲು ಬರುವುದಿಲ್ಲ ಎಂದರು. ಆ ಮಾತು ಇಂದಿಗೂ ನನ್ನ ಬೆನ್ನು ಬಿಟ್ಟಿಲ್ಲ. ಇಲ್ಲ ಎಂದಿದ್ದರೆ ಅತ್ತು ಮುಗಿಸುತ್ತಿದ್ದೆ, ಹೌದು ಎಂದಿದ್ದರೆ ಅತ್ತೆಯನ್ನು ದ್ವೇಷಿಸುತ್ತಿದ್ದೆ. ಎರಡೂ ಆಗದೆ, ಒಂದೇ ಒಲೆಯ ಮುಂದೆ ನಾವಿಬ್ಬರೂ ಮಾತಿಲ್ಲದೆ ಗಂಜಿ ಬೇಯಿಸಿಕೊಂಡೆವು.

ಕೊನೆಗೆ ನಾನೇ ಸೋತು ಒಂದು ಸಮಾಧಾನ ಹುಡುಕಿದೆ. "ಅವರ ಬೆರಳು ಬಟನ್ ಮೇಲೆಯೇ ಇತ್ತು ಅತ್ತೆ. ಒತ್ತಿ ಹಿಡಿದಿದ್ದರೆ ಆಚೆಯ ಮಾತು ಕೇಳುವುದೇ ಇಲ್ಲ. ನೀವು ಓ ಅಂದಿದ್ದರೂ ಅವರಿಗೆ ಕೇಳ್ತಿರಲಿಲ್ಲ."

ಅತ್ತೆ ಒಲೆಗೆ ಇನ್ನೊಂದು ಸೌದೆ ನೂಕಿದರು. "ಅವನಿಗೆ ಕೇಳುವುದು ಬೇರೆ" ಎಂದರು. "ನಾನು ಓ ಅನ್ನುವುದು ಬೇರೆ ಮಗಾ."

ಆಮೇಲೆ ಅವರ ಕಟ್ಟಳೆ ತಲೆಕೆಳಗಾಯಿತು. ಎರಡೂ ಸೆಟ್ಟುಗಳನ್ನು ದಿನವೂ ಚಾರ್ಜಿಗೆ ಇಡುತ್ತಾರೆ. ತಮ್ಮದನ್ನು ಬೆಳಗಿನ ಕತ್ತಲಲ್ಲೇ ಆನ್ ಮಾಡಿ ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂರುತ್ತಾರೆ. ಅದರಲ್ಲಿ ಕರಕರ ಎಂದರೆ ಸಾಕು, "ಓ" ಅನ್ನುತ್ತಾರೆ. ಕೆಳಗಿನ ರಸ್ತೆಯ ಕಲ್ಯಾಣಮಂಟಪದಲ್ಲಿ ಮದುವೆಯಿದ್ದರೆ ಅಡುಗೆಯವರ ವಾಕಿಟಾಕಿಯ ಮಾತು ನಮ್ಮ ಸೆಟ್ಟಿಗೆ ನುಗ್ಗುತ್ತದೆ. ಒಮ್ಮೆ ಯಾರೋ "ಅಣ್ಣಾ, ಎರಡನೇ ಪಂಕ್ತಿಗೆ ಪಾಯಸ ಬರಲಿ" ಎಂದರು.

"ಓ" ಎಂದರು ಅತ್ತೆ.

"ಯಾರದು? ಯಾರು ಮಾತಾಡೋದು?"

"ನಾನುಂಟು. ಕೇಳ್ತದೆ, ಹೇಳು" ಎಂದರು. ಆ ಕಡೆ ಯಾರೋ ನಕ್ಕರು, ಇನ್ಯಾರೋ ಬೈದರು, ಆಮೇಲೆ ಚಾನೆಲ್ ಬದಲಿಸಿರಬೇಕು. ನಾನು ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ನಿಂತು ಅತ್ತುಬಿಟ್ಟೆ.

ತೋಟವನ್ನು ಒಬ್ಬ ಟ್ಯಾಪರಿಗೆ ಪಾಲಿಗೆ ಕೊಟ್ಟಿದ್ದೇವೆ. ಹೋದ ತಿಂಗಳು ಅವನಿಗೆ ಜ್ವರ. ಮರ ಸುಮ್ಮನೆ ನಿಲ್ಲುವುದು ನೋಡಲಾರದೆ, ನಾನೇ ಹೋಗುತ್ತೇನೆಂದು ಹೊರಟೆ. ಅತ್ತೆ ತಡೆಯಲಿಲ್ಲ. ಒಳಗಿನಿಂದ ಮಗನ ಸೆಟ್ ತಂದು ನನ್ನ ಕೈಗೆ ಕೊಟ್ಟರು.

"ಹಿಡ್ಕೊಂಡು ಹೋಗು" ಎಂದರು ಅಷ್ಟೆ.

ಮೇಲಿನ ಸಾಲಿಗೆ ಮುಟ್ಟುವಾಗ ಇನ್ನೂ ನಸುಗತ್ತಲು. ಗಂಡ ಒರಗಿ ಕುಳಿತಿದ್ದ ಆ ಮರದ ಎದುರು ನನ್ನ ಕಾಲು ನಿಂತಿತು. ಕೆಳಗೆ ನಮ್ಮ ಜಗಲಿಯ ದೀಪ ಎಲೆಗಳ ಸಂದಿಯಲ್ಲಿ ಚೂರು ಕಾಣುತ್ತಿತ್ತು. ಇಲ್ಲಿಂದ ಇಷ್ಟು ಹತ್ತಿರವೆಂದು ನನಗೆ ತಿಳಿದಿರಲಿಲ್ಲ. ಅವರು ಅದನ್ನು ನೋಡಿಕೊಂಡೇ ಕರೆದಿರಬೇಕು.

ಹೆಬ್ಬೆರಳನ್ನು ಅವರ ಹೆಬ್ಬೆರಳಿದ್ದಲ್ಲಿ ಇಟ್ಟು ಒತ್ತಿದೆ. "ಅತ್ತೆ" ಎಂದೆ. ಬಟನ್ ಬಿಟ್ಟೆ.

"ಓ" ಎಂದರು ಅತ್ತೆ ತಕ್ಷಣ. ಉಸಿರು ಹಿಡಿದುಕೊಂಡೇ ಕಾದಿದ್ದವರ ಸ್ವರ. "ಓ ಮಗಾ. ಕೇಳ್ತದೆ. ಬರ್ಬೇಕಾ?"

ನನಗೆ ಹೇಳುವುದೇನೂ ಇರಲಿಲ್ಲ. ಆದರೂ ಮತ್ತೆ ಒತ್ತಿ, ಉಳಿದ ಎರಡು ಸಲವನ್ನೂ ಕರೆದೆ.