ಸ್ಕ್ಯಾನಿಗೆ ಅಡ್ಡ ಬಂದ ಉಡಿದಾರ

ನನ್ನ ಕೈಲಿ ಡಿಗ್ರಿ ಆಗುವುದಿಲ್ಲ ಎಂದವನು ಚನ್ನರಾಯಪಟ್ಟಣದ ಸೋದರಮಾವ. ನಾನು ಎರಡನೇ ವರ್ಷ ಎರಡು ವಿಷಯದಲ್ಲಿ ಫೇಲಾದಾಗ, "ನಮ್ ಪೈಕಿಲಿ ಡಿಗ್ರಿ ಅನ್ನೋದು ಆಗಾಕಿಲ್ಲ ಕಣ್ಲಾ. ನಡಿ, ಕಾಯಿ ವ್ಯಾಪಾರಕ್ಕೆ ಬಾ" ಎಂದ. ನಾನು ಹೋಗಲಿಲ್ಲ. ಅರಕಲಗೂಡು ಕಡೆಯ ನಮ್ಮೂರ ಡೇರಿಯಲ್ಲಿ ಬೆಳಿಗ್ಗೆ ಹಾಲು ಅಳೆದು, ಬಸ್ಸಿಗೆ ಓಡಿ, ಹೊಳೆನರಸೀಪುರದ ಕಾಲೇಜು ಸೇರುತ್ತಿದ್ದೆ. ಫೇಲಾದದ್ದನ್ನೂ ಪಾಸು ಮಾಡಿಕೊಂಡು ಕೊನೆಯ ಸೆಮಿಸ್ಟರ್ ಮುಟ್ಟಿದೆ.

ಪರೀಕ್ಷೆಗೆ ಎರಡು ತಿಂಗಳಿತ್ತು. ಸ್ನಾನ ಮಾಡುವಾಗ ಬಲಗಡೆಯ ಬೀಜದಲ್ಲಿ ಗಟ್ಟಿ ಗಂಟೊಂದು ಕೈಗೆ ಸಿಕ್ಕಿತು. ನೋವಿರಲಿಲ್ಲ. ನಾಚಿಕೆಗೆ ಹತ್ತು ದಿನ ಸುಮ್ಮನಿದ್ದೆ; ಅದು ದಡ್ಡತನ. ಹಾಸನದ ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ನೋಡಿದ ಡಾಕ್ಟರು ಕ್ಯಾನ್ಸರ್ ಇದ್ದ ಹಾಗಿದೆ, ಬೀಜ ತೆಗೆಯಬೇಕು ಎಂದರು. ಅದಕ್ಕೆ ಮುಂಚೆ ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್. ಹರಡಿಲ್ಲದಿದ್ದರೆ ಆಪರೇಷನ್ ಮಾಡಿಸಿಕೊಂಡು ಪರೀಕ್ಷೆ ಬರೆಯಬಹುದು. ಹರಡಿದ್ದರೆ ಕೀಮೋ, ಪರೀಕ್ಷೆಯ ಮಾತೇ ಇಲ್ಲ.

ಸ್ಕ್ಯಾನಿನ ದಿನ ಅವ್ವನ ಜೊತೆ ಮಾವನೂ ಬಂದ. "ಕಾಯ್ಲೆ ಕೆಳಗದೆ, ಫೋಟೋ ಹೊಟ್ಟೇದು ಯಾಕೆ ಸಾ?" ಎಂದು ಡಾಕ್ಟರನ್ನೇ ಕೇಳಿದ. ಅವರು ಬೇಸರಿಸದೆ ವಿವರಿಸಿದರು. ಮಗು ಗರ್ಭದಲ್ಲಿರುವಾಗ ಬೀಜ ಮೂಡುವುದು ಹೊಟ್ಟೆಯೊಳಗೆ, ಆಮೇಲೆ ಕೆಳಗಿಳಿಯುತ್ತದೆ. ಅದರ ನಾಳಗಳ ದಾರಿ ಮಾತ್ರ ಇವತ್ತಿಗೂ ಮೇಲಕ್ಕೇ. ರೋಗ ಹರಡಿದರೆ ಮೊದಲು ಹೊಟ್ಟೆಯ ಹಿಂಭಾಗದ ಗ್ರಂಥಿಗಳಿಗೆ, ಆಮೇಲೆ ಶ್ವಾಸಕೋಶಕ್ಕೆ.

ಮಾವ ತಲೆಯಾಡಿಸಿದ. "ಅಂಗಾರೆ ತವರುಮನೆ ಕಡೀಕೆ ಓಯ್ತದೆ ಅನ್ನಿ."

ಡಾಕ್ಟರೂ ನಕ್ಕರು.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ತಕರಾರು ಶುರುವಾಯಿತು. ನನ್ನ ನಡುವಿನಲ್ಲಿ ಬೆಳ್ಳಿಯ ಉಡಿದಾರವಿತ್ತು, ಕೊಂಡಿ ಕಚ್ಚಿಕೊಂಡು ಬಿಚ್ಚಲು ಬರುತ್ತಿರಲಿಲ್ಲ. ಲೋಹವಿದ್ದರೆ ಚಿತ್ರದ ಮೇಲೆ ಬಿಳಿ ಗೀರು ಬಿದ್ದು, ನೋಡಬೇಕಾದ ಗ್ರಂಥಿಗಳೇ ಮುಚ್ಚಿಹೋಗಬಹುದು, ಕತ್ತರಿಸಿ ಎಂದರು ಅಲ್ಲಿನ ಟೆಕ್ನಿಷಿಯನ್ ಮೇಡಂ. ಅವ್ವ ಅಡ್ಡ ನಿಂತಳು. ನಮ್ಮಲ್ಲಿ ಗಂಡಸಿನ ಉಡಿದಾರ ಕತ್ತರಿಸುವುದು ಹೆಣ ತೊಳೆಯುವಾಗ.

"ಬದುಕಿರೋ ಮಗನ ಉಡ್ದಾರ ಕುಯ್ಯಾಕೆ ನಾನ್ ಬುಡಾಕಿಲ್ಲ" ಎಂದಳು.

"ನೂಲಿಂದಾದ್ರೆ ನಡೀತದಾ ಮೇಡಂ?" ನಾನು ಕೇಳಿದೆ.

"ನೂಲು ಅಡ್ಡ ಬರಲ್ಲ. ಕಟ್ಕೊಳ್ಳಿ."

ಮಾವ ಹೊರಗೆ ಹೋಗಿ ಅಂಗಡಿಯಿಂದ ಕರಿದಾರ, ಎದುರಿನ ಸ್ಕೂಟರ್ ಗ್ಯಾರೇಜಿನಿಂದ ಕಟಿಂಗ್ ಪ್ಲೇಯರ್ ತಂದ. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವ್ವ ಮೊದಲು ದಾರ ಕಟ್ಟಿದಳು, ಮೂರು ಗಂಟು ಹಾಕಿ ಎಳೆದು ನೋಡಿದಳು. ನಡು ಒಂದು ಗಳಿಗೆಯೂ ಬರಿದಾಗಿರಬಾರದು. "ಊಂ, ಈಗ ಕುಯ್ಯಿ" ಎಂದಳು.

"ಅಲ್ಲಾಡ್ಬ್ಯಾಡ ಕಣ್ಲಾ, ಉಳಿಯೋ ಇನ್ನೊಂದೂ ಓದಾತು" ಎಂದ ಮಾವ. ಅವ್ವ ಅವನ ಬೆನ್ನಿಗೊಂದು ಗುದ್ದಿದಳು. ಗುದ್ದಿ, ತಾನೇ ನಕ್ಕಳು.

ಯಂತ್ರದೊಳಗೆ "ಉಸಿರು ಹಿಡಿಯಿರಿ" ಎಂದಾಗ ಹಿಡಿದೆ. ರಕ್ತಕ್ಕೆ ಔಷಧಿ ಬಿಟ್ಟಾಗ ಮೈ ಬಿಸಿಯಾಗಿ ಬಟ್ಟೆಯಲ್ಲೇ ಉಚ್ಚೆ ಹೋಯಿತೇನೋ ಅನಿಸಿತು. ಹೋಗಿರಲಿಲ್ಲ.

ಮರುದಿನ ಡಾಕ್ಟರು ರಿಪೋರ್ಟ್ ಓದಿದರು. "ಗ್ರಂಥಿ ಊದಿಕೊಂಡಿಲ್ಲ. ಶ್ವಾಸಕೋಶದಲ್ಲೂ ಏನಿಲ್ಲ. ಹರಡಿಲ್ಲ."

"ಇನ್ನೊಂದ್ಸಲ ಏಳಿ ಸಾ" ಎಂದ ಮಾವ. ಅವರು ಇನ್ನೊಮ್ಮೆ ಹೇಳಿದರು. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಉಪ್ಪಿಟ್ಟು ತಿನ್ನಾನ ನಡೀರಿ" ಎಂದಳು.

ಆಪರೇಷನ್ ಆಯಿತು. ಪರೀಕ್ಷಾ ಹಾಲಿನಲ್ಲಿ ಒಂದು ಮಗ್ಗುಲಿಗೆ ವಾಲಿಕೊಂಡು ಆರು ಪೇಪರು ಬರೆದೆ. ಪಕ್ಕದವನು ಮೂಲವ್ಯಾಧಿಯಾ ಎಂದು ಕೇಳಿದ, ಹೂಂ ಎಂದೆ. ಎಲ್ಲವೂ ಪಾಸು. ಸ್ಕ್ಯಾನು ಆಗಾಗ ಮಾಡಿಸುತ್ತಲೇ ಇದ್ದೇನೆ, ಇವತ್ತಿನವರೆಗೂ ಏನೂ ಕಂಡಿಲ್ಲ.

ಸರ್ಟಿಫಿಕೇಟ್ ಕೊಡುವ ದಿನ ಕಾಲೇಜಿಗೆ ಮಾವನೇ ಜೊತೆಗೆ ಬಂದ. ಪ್ರಿನ್ಸಿಪಾಲರು ಕೈಗಿತ್ತದ್ದನ್ನು ನಾನು ಕವರಿಗೆ ಹಾಕಲು ಹೋದೆ. ಮಾವ ತಡೆದು ಕೈ ಚಾಚಿದ.

"ಮುಚ್ಚಿ ಮಡಗ್ಬ್ಯಾಡ, ಇಂಗೇ ಇಡ್ಕತೀನಿ ಕೊಡ್ಲಾ. ಬಸ್ನಾಗೆ ಯಾರಾರ ಇದೇನು ಅಂತ ಕೇಳ್ಬೇಕಲ್ಲ."