ರಿಪೇರಿಯವರು ಹೇಳದೆ ಬಿಟ್ಟ ಮಾತು

ಅಫಜಲಪುರದ ಆ ಕಂಪ್ಯೂಟರ್ ರಿಪೇರಿಯವರು ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಪವರ್ ಸಪ್ಲೈ ಡಬ್ಬಿಯನ್ನು ಅಂಗೈಯಲ್ಲಿ ತೂಗಿಯೇ ಆರಿಸುತ್ತಿದ್ದರು. ನನ್ನ ತಮ್ಮ ತಾನೇ ಜೋಡಿಸುತ್ತಿದ್ದ ಗೇಮಿಂಗ್ ಕಂಪ್ಯೂಟರಿಗೆ ಎಂಟುನೂರೈವತ್ತು ವ್ಯಾಟಿನದು ಕೊಟ್ಟಾಗ, "ಭಾಳ ಕರೆಂಟ್ ತಿಂತದೇನ್ರಿ?" ಎಂದೆ.

"ತಿನ್ನೂದಲ್ರಿ ಅಕ್ಕಾ, ಬಡಸೂದು. ಕಂಪ್ಯೂಟರ್ ಕೇಳಿದಷ್ಟೇ ಬಡಸ್ತದ."

ನಾಲ್ಕನೇ ಇಯತ್ತೆಯವರೆಗಷ್ಟೇ ಓದಿದ ನಾನು ನಂಬಲಿಲ್ಲ. ಕರೆಂಟ್ ಬಿಲ್ಲಿಗೆ ಹೆದರಿ, ಬೇರೆ ಅಂಗಡಿಯಲ್ಲಿ ಅದನ್ನು ಕಡಿಮೆ ವ್ಯಾಟಿನ ಸಣ್ಣದಕ್ಕೆ ಬದಲಿಸಿ, ರಿಪೇರಿಯವರು ಆರಿಸಿದ್ದೇ ಇದು ಎಂದು ತಮ್ಮನಿಗೆ ಸುಳ್ಳು ಹೇಳಿದೆ. ಆಟ ಜೋರಾದಾಗೆಲ್ಲ ಕಂಪ್ಯೂಟರ್ ಆರುತ್ತಿತ್ತು. ತಾನೇ ತಪ್ಪಾಗಿ ಜೋಡಿಸಿದೆನೆಂದು ಅವನು ಕೊರಗಿದ.

ಕೊನೆಗೆ ರಿಪೇರಿಯವರು ಬಿಚ್ಚಿ ನೋಡಿದರು. ತಾವು ಕೊಟ್ಟದ್ದರ ಜಾಗದಲ್ಲಿ ಸಣ್ಣದನ್ನು ಕಂಡು ಅವರಿಗೆ ಎಲ್ಲ ತಿಳಿಯಿತು. "ನಿನ್ನ ಜೋಡಣಿ ಛಲೋ ಅದ ತಮ್ಮಾ," ಎಂದು, ಸ್ಕ್ರೂಡ್ರೈವರ್ ಕೆಳಗಿಟ್ಟು, ನನ್ನತ್ತ ನೋಡುತ್ತ ಕಾದರು.

"ಅದನ್ನ ನಾನೇ ಬದಲಿ ಮಾಡೀನೋ," ಎಂದೆ ತಮ್ಮನಿಗೆ.

"ಮೊದಲೇ ಹೇಳಬಾರದೇನ್ ಬೇ, ಅಕ್ಕಾ?" ಎಂದ ತಮ್ಮ.

ಬೈದರೂ ಅಕ್ಕಾ ಎಂದೇ ಕರೆದ. ಆ ಕರೆ ನನಗೆ ಉಳಿದದ್ದು ರಿಪೇರಿಯವರು ತಾವು ಹೇಳದೆ, ನಾನೇ ಹೇಳಲೆಂದು ಕಾದದ್ದರಿಂದ.