ಮಗಳನ್ನು ನಂಬದ ಮೂರು ವಾರ

ಸುಮಾಳ ಚೂಡಿದಾರದ ಲಾಡಿ ಬಿಗಿಯಾಗುತ್ತಿರುವುದನ್ನು ಮೊದಲು ಕಂಡವಳು ನಾನು.

ಅವಳಿಗೆ ಹದಿನೇಳು. ಸೆಕೆಂಡ್ ಪಿಯುಸಿ. ಮಹದೇವಪುರದ ನಮ್ಮ ಮನೆಯಿಂದ ಟಿನ್ ಫ್ಯಾಕ್ಟರಿ ಸ್ಟಾಪಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಕಾಲೇಜಿಗೆ ಹೋಗುತ್ತಿದ್ದಳು. ಎರಡು ತಿಂಗಳಿಂದ ಮುಟ್ಟಾಗಿರಲಿಲ್ಲ. ಬೆಳಿಗ್ಗೆ ವಾಂತಿ. ಕೆಳಹೊಟ್ಟೆ ಮುಂದಕ್ಕೆ ಬಂದಿತ್ತು.

ನಾನು ಅಂಗನವಾಡಿ ಕಾರ್ಯಕರ್ತೆ. ಹದಿನಾಲ್ಕು ವರ್ಷದಿಂದ ಬಸುರಿಯರ ಹೆಸರು ಬರೆದುಕೊಳ್ಳುವುದೇ ನನ್ನ ಕೆಲಸ. ಮುಖ ನೋಡಿಯೇ ಎಷ್ಟನೇ ತಿಂಗಳು ಎಂದು ಹೇಳಬಲ್ಲೆ ಎಂಬ ಜಂಬ ನನಗಿತ್ತು. ನಮ್ಮವರು ಯಾರೂ ಕಾಣದಿರಲಿ ಎಂದು ಕೆ.ಆರ್. ಪುರಕ್ಕೆ ಹೋಗಿ, ಮೆಡಿಕಲ್ ಶಾಪಿನಲ್ಲಿ ಪ್ರೆಗ್ನೆನ್ಸಿ ಕಾರ್ಡ್ ತಂದೆ.

ಎರಡು ಗೆರೆ ಬಂತು.

ಮಗಳ ಕೆನ್ನೆಗೆ ಹೊಡೆದೆ. ಒಂದಲ್ಲ, ಎಷ್ಟೋ ಏಟು.

"ಯಾರೇ ಅವನು?"

"ದೇವರಾಣೆ ನಾನೇನೂ ಮಾಡಿಲ್ಲಮ್ಮ."

"ಕಾರ್ಡ್ ಸುಳ್ಳು ಹೇಳುತ್ತಾ?"

ಅವಳು ಅಳುತ್ತಾ ನನ್ನ ಕಾಲು ಹಿಡಿದುಕೊಂಡಳು. ನಾನು ಕಾಲು ಬಿಡಿಸಿಕೊಂಡೆ.

ಕಾಲೇಜು ಬಿಡಿಸಿದೆ. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸುಮಾಗೆ ಕಾಮಾಲೆ ಎಂದು ಅವರಿಗೆ ಸುಳ್ಳು ಹೇಳಿದೆ. ನನ್ನ ಮಗಳನ್ನು ಕೋಣೆಯಲ್ಲಿ ಕೂರಿಸಿ, ಹೊರಗಿನಿಂದ ಚಿಲಕ ಹಾಕಿ, ಬೇರೆಯವರ ಹೆಣ್ಣುಮಕ್ಕಳಿಗೆ ಕಬ್ಬಿಣದ ಮಾತ್ರೆ ಹಂಚಲು ಹೋಗುತ್ತಿದ್ದೆ. ಸಂಜೆ ಬಂದು ಅದೇ ಪ್ರಶ್ನೆ ಕೇಳುತ್ತಿದ್ದೆ. ಕೊನೆಕೊನೆಗೆ ಅವಳು ಉತ್ತರ ಕೊಡುವುದನ್ನೇ ಬಿಟ್ಟಳು. ಹೊಟ್ಟೆ ನೋವು ಎಂದಳು. ಅದನ್ನೂ ನಾಟಕ ಎಂದುಕೊಂಡೆ.

ಹೀಗೆ ಮೂರು ವಾರ.

ಕೊನೆಗೆ ಗುಟ್ಟಾಗಿ ತೆಗೆಸಿಬಿಡೋಣ ಎಂದು ಇಂದಿರಾನಗರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ವಯಸ್ಸಾದ ಲೇಡಿ ಡಾಕ್ಟರ್. ಅವರು ಎರಡೆರಡು ಸಲ ಸ್ಕ್ಯಾನ್ ಮಾಡಿದರು. ಆಮೇಲೆ ನನ್ನನ್ನು ಒಳಗೆ ಕರೆದರು.

"ಗರ್ಭಕೋಶ ಖಾಲಿ ಇದೆಯಮ್ಮ. ನಿಮ್ಮ ಮಗಳು ಪ್ರೆಗ್ನೆಂಟ್ ಅಲ್ಲ."

"ಕಾರ್ಡಲ್ಲಿ ಎರಡು ಗೆರೆ ಬಂದಿತ್ತಲ್ಲ ಡಾಕ್ಟ್ರೇ" ಎಂದೆ.

"ಬಲಗಡೆ ಓವರಿಯಲ್ಲಿ ದೊಡ್ಡ ಗಡ್ಡೆ ಇದೆ."

ಅವರು ಒಂದು ಕಾಗದದ ಮೇಲೆ ಅಂಡಾಶಯದ ಚಿತ್ರ ಬರೆದು ತೋರಿಸಿದರು. ಗಡ್ಡೆಗಳೆಲ್ಲ ಒಂದೇ ಅಲ್ಲವಂತೆ. ಹೊರಗಿನ ಪದರದಲ್ಲಿ ಹುಟ್ಟುವುದು ಒಂದು ಬಗೆ. ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಿಗೆ ಬರುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವ ತನಕ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಒಳಗಿನ ಆಧಾರದ ಅಂಗಾಂಶದಲ್ಲಿ ಹುಟ್ಟುವುದು ಇನ್ನೊಂದು; ಅದು ಹೆಣ್ಣಿನ ಹಾರ್ಮೋನ್ ಸುರಿಸಿ, ನಿಂತ ಮುಟ್ಟನ್ನು ಮತ್ತೆ ಬಂದಂತೆ ಮಾಡುತ್ತದೆ. ಮೂರನೆಯದು ಅಂಡಾಣುವಾಗಬೇಕಾದ ಜೀವಕೋಶದಲ್ಲೇ ಹುಟ್ಟುವ ಜರ್ಮ್ ಸೆಲ್ ಗಡ್ಡೆ. ಇದು ಹೆಚ್ಚಾಗಿ ಸಣ್ಣ ವಯಸ್ಸಿನ ಹುಡುಗಿಯರಿಗೇ ಬರುತ್ತದೆ. ಇವುಗಳಲ್ಲಿ ಕೆಲವು ಬಸುರಿನಲ್ಲಿ ಬರುವ ಹಾರ್ಮೋನನ್ನೇ ತಯಾರಿಸುತ್ತವೆ.

"ಅದಕ್ಕೇ ಕಾರ್ಡಲ್ಲಿ ಪಾಸಿಟಿವ್ ಬಂದಿದೆ. ಅವಳೇನೂ ತಪ್ಪು ಮಾಡಿಲ್ಲ."

ಹೊರಗೆ ಬೆಂಚಿನ ಮೇಲೆ ಸುಮಾ ಕೂತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಅವಳ ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

ಗಂಡನಿಗೆ ಅಂದೇ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. "ಮೂರು ವಾರ ನನ್ನ ಮಗೂನ ಕೂಡಿಹಾಕಿದ್ಯಾ?" ಎಂದಷ್ಟೇ ಕೇಳಿ ಗೋಡೆ ಕಡೆ ತಿರುಗಿ ಕೂತರು.

ಲೇಡಿ ಡಾಕ್ಟರ್ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಟ್ಟಿದ್ದರು. ಅಲ್ಲಿ ಗಡ್ಡೆಯ ಬಗೆ ತಿಳಿಯಲು ಬೀಟಾ ಎಚ್‌ಸಿಜಿ, ಎಎಫ್‌ಪಿ ಎಂದು ರಕ್ತ ಪರೀಕ್ಷೆಗಳಾದವು. ಜರ್ಮ್ ಸೆಲ್ ಜಾತಿಯಲ್ಲೇ ಡರ್ಮಾಯ್ಡ್ ಎಂಬ ಗಡ್ಡೆಯೂ ಇದೆ, ಅದರೊಳಗೆ ಕೂದಲು, ಹಲ್ಲು ಕೂಡ ಇರುತ್ತವೆ, ತೆಗೆದುಹಾಕಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು ಎಂದು ನರ್ಸ್ ಹೇಳಿದ್ದಳು. ಆಪರೇಷನ್ ದಿನ, ಮಗಳ ಹೊಟ್ಟೆಯಲ್ಲಿ ಕೂದಲಿರಲಿ, ಹಲ್ಲಿರಲಿ ಎಂದು ದೇವರನ್ನು ಬೇಡಿಕೊಂಡ ತಾಯಿ ನಾನು.

ಬಲಗಡೆಯ ಅಂಡಾಶಯ ತೆಗೆದರು. ಎಡಗಡೆಯದನ್ನೂ ಗರ್ಭಕೋಶವನ್ನೂ ಉಳಿಸಿದರು. ಹತ್ತು ದಿನದ ಮೇಲೆ ಬಯಾಪ್ಸಿ ರಿಪೋರ್ಟ್ ಬಂತು. ಡರ್ಮಾಯ್ಡ್ ಅಲ್ಲ. ಎರಡು ಮೂರು ಕೆಟ್ಟ ಬಗೆಗಳು ಒಂದರಲ್ಲೇ ಬೆರೆತ ಗಡ್ಡೆ. ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲೂ ಒಂದು ಚುಕ್ಕೆ ಕಂಡಿತು.

"ಮೂರು ವಾರ ಮೊದಲೇ ಬಂದಿದ್ರೆ ಆ ಚುಕ್ಕೆ ಇರ್ತಿರಲಿಲ್ವಾ ಡಾಕ್ಟ್ರೇ?" ಎಂದು ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರನ್ನು ಕೇಳಿದೆ.

"ಇದು ಬೇಗ ಬೆಳೆಯೋ ಜಾತಿ. ಇರ್ತಿತ್ತೋ ಇಲ್ವೋ, ನಾನು ಹೇಳಕ್ಕಾಗಲ್ಲ. ಕೀಮೋಗೆ ಚೆನ್ನಾಗಿ ಬಗ್ಗುತ್ತೆ. ಈಗ ಅದನ್ನ ನೋಡೋಣ."

ಅವರು ಬೈದಿದ್ದರೆ ಹಗುರವಾಗುತ್ತಿತ್ತೇನೋ. ಗೊತ್ತಿಲ್ಲ ಎಂಬ ಆ ಮಾತನ್ನು ನಾನು ಎಲ್ಲಿಡಲಿ?

ನಾಲ್ಕು ಸುತ್ತು ಕೀಮೋ. ಒಂದೊಂದಕ್ಕೂ ಐದು ದಿನ ವಾರ್ಡಿನಲ್ಲಿ. ಎರಡನೆಯದಕ್ಕೆ ಮುಂಚೆಯೇ ಕೂದಲು ಹೋಯಿತು. ಬಾಯಿ ತುಂಬ ಹುಣ್ಣು, ಗಂಜಿ ಕೂಡ ಇಳಿಯುತ್ತಿರಲಿಲ್ಲ. ವಾಂತಿ ಬಂದಾಗ ನಾನು ಬೇಸಿನ್ ಹಿಡಿದರೆ, ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಹಿಡಿದುಕೊಳ್ಳುತ್ತಿದ್ದಳು. ಪಕ್ಕದ ಹಾಸಿಗೆಯ ಹೆಂಗಸು ಒಮ್ಮೆ, "ನಿಮ್ಮಮ್ಮ ಎಷ್ಟು ಚೆನ್ನಾಗಿ ನೋಡ್ಕೊಳ್ತಾರೆ" ಎಂದಳು. ಸುಮಾ ಕಣ್ಣು ಮುಚ್ಚಿಕೊಂಡಳು. ಆ ಘಳಿಗೆ ನಾನು ಸತ್ತಿದ್ದರೆ ಚೆನ್ನಾಗಿತ್ತು.

ನಾಲ್ಕನೆಯ ಸುತ್ತು ಮುಗಿದು ಈಗ ಎರಡು ತಿಂಗಳು. ರಕ್ತದ ಅಂಕಿಗಳು ಸರಿಯಾಗಿವೆ. ಶ್ವಾಸಕೋಶದ ಚುಕ್ಕೆ ಚಿಕ್ಕದಾಗಿದೆ, ಹೋಗಿಲ್ಲ. ಅದು ಬರೀ ಕಲೆಯೋ, ಬದುಕಿರುವ ಗಡ್ಡೆಯೋ ಹೇಳಲಾಗದು, ತಿಂಗಳು ತಿಂಗಳೂ ನೋಡಬೇಕು ಎಂದಿದ್ದಾರೆ. ನಾನು ಕೆಲಸಕ್ಕೆ ವಾಪಸ್ಸು ಹೋಗುತ್ತಿದ್ದೇನೆ. ಯಾರ ಹೊಟ್ಟೆ ಕಂಡರೂ ಮೊದಲು ಡಾಕ್ಟರ ಹತ್ತಿರ ಹೋಗು ಎನ್ನುತ್ತೇನೆ. ನಾನಾಗಿ ಏನೂ ಹೇಳುವುದಿಲ್ಲ.

ಮೊನ್ನೆ ಅವರೆಕಾಯಿ ಸುಲಿಯುತ್ತಿದ್ದೆ. ಸುಮಾ ಬಂದು ಎದುರಿಗೆ ಕೂತಳು.

"ಯಾಕಮ್ಮ ನನ್ನ ನಂಬಲಿಲ್ಲ?"

ಎಷ್ಟೋ ಉತ್ತರ ಸಿದ್ಧ ಮಾಡಿಕೊಂಡಿದ್ದೆ.

"ಹೆದರ್ಕೊಂಡ್ಬಿಟ್ಟೆ ಕಣೇ."

"ನಾನೂ ಹೆದರ್ಕೊಂಡಿದ್ದೆ" ಎಂದಳು.

ಆಮೇಲೆ ತಾನೂ ಒಂದು ಹಿಡಿ ಕಾಯಿ ಎಳೆದುಕೊಂಡು ಸುಲಿಯತೊಡಗಿದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕೇಳುವ ಹಕ್ಕು ನನಗೂ ಇಲ್ಲ.

ಸೋಮವಾರ ಅವಳು ಮತ್ತೆ ಪರೀಕ್ಷೆಗೆ ರಕ್ತ ಕೊಡಬೇಕು. ನಾನೂ ಬರ್ತೀನಿ ಎಂದೆ.

ಬೇಡ ಎನ್ನಲಿಲ್ಲ.